ಕೊಸರಿಗೆ ಬಂದ ಗಿಟಾರು

ನಮ್ಮ ಮನೆಯಲ್ಲಿ ಚಹಕ್ಕೆ ಶುಂಠಿ ಜಜ್ಜುವುದು ಒಂದು ಉಕ್ಕಿನ ತುಂಡಿನಿಂದ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಅಂಗೈಗೆ ಸರಿಯಾಗುವಷ್ಟು ಉದ್ದ, ಒಂದು ತುದಿ ದುಂಡಗೆ, ಮೈಯೆಲ್ಲ ಕನ್ನಡಿಯಂತೆ ನುಣುಪು. ಒಂದು ಪಕ್ಕದಲ್ಲಿ ಮಾತ್ರ ಬೆರಳಿಟ್ಟು ಒತ್ತಿದಂಥ ಸಣ್ಣ ತಗ್ಗಿದೆ. ಮನೆಗೆ ಬಂದ ಹೆಂಗಸರು ಅದನ್ನು ಎತ್ತಿ ನೋಡಿ, "ಎಷ್ಟ್ ಛಂದ ಐತ್ರೀ, ಎಲ್ಲಿ ತಗೊಂಡ್ರಿ?" ಎಂದು ಕೇಳುವುದುಂಟು. ನನ್ನ ಹೆಂಡತಿ ಸುಜಾತಾ, "ಅದು ನಮ್ಮನಿಯವರ ಸಂಗೀತದ ಸಾಮಾನು" ಎಂದು ಹೇಳಿ ಏಲಕ್ಕಿ ಕುಟ್ಟುವುದನ್ನು ಮುಂದುವರಿಸುತ್ತಾಳೆ. ಅವರು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಅವಳು ಹೇಳುವುದು ಸುಳ್ಳಲ್ಲ. ಅದರ ಜೋಡಿಯಾದ ಗಿಟಾರು ನಮ್ಮ ಮಂಚದ ಕೆಳಗೆ ಪೆಟ್ಟಿಗೆಯಲ್ಲಿ ಮಲಗಿದೆ. ಎರಡರ ನಡುವೆ ಒಂದು ಗೋಡೆ, ಅಷ್ಟೇ.

ಆ ಗಿಟಾರು ನನಗೆ ಕೊಸರಿಗೆ ಬಂದದ್ದು. ಕೊಸರು ಅಂದರೇನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಇಲ್ಲಿ ಹುಟ್ಟಿದ ನನ್ನ ಮಗಳಿಗೆ ಹೇಳಬೇಕಾಯಿತು. ಕಾಯಿಪಲ್ಲೆ ತೂಗಿದ ಮೇಲೆ ಒಂದು ಹಿಡಿ ಕೊತ್ತಂಬರಿಯನ್ನು ಮೇಲೆ ಹಾಕಿಸಿಕೊಳ್ಳುತ್ತೇವಲ್ಲ, ಅದು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಅವ್ವನ ಕೈಹಿಡಿದು ಓಡಾಡುವಾಗಲೇ ನಾನು ಈ ವಿದ್ಯೆ ಕಲಿತೆ. ನನ್ನ ಜೊತೆ ನ್ಯೂಜಿಲೆಂಡಿಗೆ ಬಂದವರೆಲ್ಲ ವೆಲ್ಲಿಂಗ್ಟನ್ನಿನ ಆಫೀಸುಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತರು. ನನ್ನ ಡಿಪ್ಲೊಮಾವನ್ನು ಮಾತ್ರ ಯಾರೂ ತಿರುಗಿಸಿ ನೋಡಲಿಲ್ಲ. ಕೊನೆಗೆ ನನ್ನನ್ನು ಕಾಪಾಡಿದ್ದು ದುರ್ಗದಬೈಲಿನ ವಿದ್ಯೆಯೇ. ಪಕ್ಕದ ಅಪ್ಪರ್ ಹಟ್ ಊರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಹಳೆಯ ವಾಷಿಂಗ್ ಮಷೀನು, ಫ್ರಿಜ್ಜುಗಳನ್ನು ಕೊಂಡು, ರಿಪೇರಿ ಮಾಡಿ ಮಾರತೊಡಗಿದೆ. ಆ ಗ್ಯಾರೇಜು ಮುಂದೆ ನನ್ನದೇ ಆಯಿತು.

ಇಲ್ಲಿ ಶನಿವಾರ ಬೆಳಿಗ್ಗೆ ಜನ ಮನೆಯ ಮುಂದೆ ಬೇಡದ ಸಾಮಾನನ್ನೆಲ್ಲ ಹರವಿಕೊಂಡು ಮಾರುತ್ತಾರೆ. ನೀವು ಹೊಸದಾಗಿ ಬಂದವರಾಗಿದ್ದರೆ ನನ್ನ ಎರಡು ಮಾತು ಕೇಳಿ. ಬೇಕಾದ ಸಾಮಾನಿನ ಕಡೆ ಕಣ್ಣು ಹಾಯಿಸಬೇಡಿ. ಬೇಡದ್ದನ್ನು ಕೈಗೆತ್ತಿಕೊಂಡು ಒಂದು ನಿಟ್ಟುಸಿರು ಬಿಡಿ. ಈ ಜನಕ್ಕೆ ಚೌಕಾಶಿ ಅಂದರೆ ಸಂಕೋಚ, ಕಿವಿ ಕೆಂಪಾಗುತ್ತದೆ. ದರ ಇಳಿಸು ಅನ್ನಬೇಡಿ. ಹೇಳಿದಷ್ಟು ಕೊಟ್ಟು, ಹೊರಡುವಾಗ ತಿರುಗಿ, "ಇದನ್ನೂ ಹಾಕಿಕೊಡುತ್ತೀರಾ?" ಎಂದು ಕೇಳಿ. ಕೊಸರೆಂಬ ಶಬ್ದ ಇವರಲ್ಲಿ ಇಲ್ಲ, ಕೊಸರು ಕೊಡುವ ಮನಸ್ಸು ಇದೆ.

ಹಾಗೆ ಒಂದು ಶನಿವಾರ ಒಬ್ಬ ಹುಡುಗಿಯಿಂದ ರೂಮ್ ಹೀಟರ್ ಕೊಂಡು, ಹೊರಡುವಾಗ ತಿರುಗಿ, ಮೂಲೆಯಲ್ಲಿದ್ದ ಉದ್ದನೆಯ ಪೆಟ್ಟಿಗೆ ತೋರಿಸಿದೆ.

"ಅದೇನೋ ನನಗೂ ಗೊತ್ತಿಲ್ಲ. ಅಜ್ಜನದು. ಇಸ್ತ್ರಿ ಮಾಡುವ ಹಲಗೆ ಇರಬೇಕು. ತೆಗೆದುಕೊಂಡು ಹೋಗಿ" ಅಂದಳು.

ಪೆಟ್ಟಿಗೆ ತೆರೆದೊಡನೆ ನನಗೆ ಗೋಕುಲ ಟಾಲ್ಕಂ ಪೌಡರಿನ ವಾಸನೆ ಬಂತು. ನಿಜವಾಗಿ ಬಂದದ್ದು ಮುಗ್ಗಲು ವಾಸನೆಯೇ ಇರಬೇಕು. ಪೌಡರಿನ ವಾಸನೆ ನನ್ನ ತಲೆಯೊಳಗಿನದು. ನಮ್ಮ ಕಾಕಾ, ಅಪ್ಪನ ತಮ್ಮ, ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ. ಗಣಪತಿ ಹಬ್ಬದಲ್ಲಿ ಓಣಿಯ ಆರ್ಕೆಸ್ಟ್ರಾದಲ್ಲಿ ಹವಾಯನ್ ಗಿಟಾರು ಬಾರಿಸುತ್ತಿದ್ದ. ಎರಡೂ ಕೈಗೆ ಪೌಡರು ಸವರಿಕೊಂಡು, ಗಿಟಾರನ್ನು ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು, ಎಡಗೈಯಲ್ಲಿ ಒಂದು ಉಕ್ಕಿನ ರಾಡು ಹಿಡಿದು ತಂತಿಯ ಮೇಲೆ ಜಾರಿಸುತ್ತಿದ್ದ. ಸ್ವರಗಳು ಮೆಟ್ಟಿಲು ಹತ್ತುತ್ತಿರಲಿಲ್ಲ, ಜಾರುಬಂಡೆಯಲ್ಲಿ ಇಳಿಯುತ್ತಿದ್ದವು. ಹಾಡುವವರು ಯಾರೂ ಇರುತ್ತಿರಲಿಲ್ಲ. ಪೆಂಡಾಲಿನ ಮುಂದೆ ಕೂತ ಜನವೇ ಮನಸ್ಸಿನಲ್ಲಿ ಸಾಹಿತ್ಯ ಹಾಕಿಕೊಂಡು ತಲೆದೂಗುತ್ತಿದ್ದರು. ಒಂದು ಸಲ ನಾನು ರಾಡು ಹಿಡಿದು ತಂತಿಯನ್ನು ಜೋರಾಗಿ ಒತ್ತಿದಾಗ ಕಾಕಾ ತಲೆಗೊಂದು ಮೊಟಕಿ, "ಒತ್ತಬ್ಯಾಡಲೇ. ಮುಟ್ಟಿದಂಗ ಇರಬೇಕು, ಒತ್ತಿದಂಗ ಇರಬಾರದು" ಅಂದಿದ್ದ. ಸಂಗೀತದ ಬಗ್ಗೆ ನನಗೆ ಗೊತ್ತಿರುವುದು ಅದೊಂದೇ ಪಾಠ.

ಹುಡುಗಿಯ ಪೆಟ್ಟಿಗೆಯಲ್ಲಿದ್ದದ್ದು ಅದರದೇ ಬಳಗ, ಕರೆಂಟಿನಿಂದ ನುಡಿಯುವಂಥದ್ದು. ಇಲ್ಲಿ ಲ್ಯಾಪ್ ಸ್ಟೀಲ್ ಅನ್ನುತ್ತಾರೆ. ಹೊಟ್ಟೆಯಿಲ್ಲದ, ಹಲಗೆಯಂಥ ಮೈ. ಇಸ್ತ್ರಿ ಹಲಗೆ ಅಂದುಕೊಂಡದ್ದರಲ್ಲಿ ಆ ಹುಡುಗಿಯ ತಪ್ಪೇನಿರಲಿಲ್ಲ. ರಾಡು ಮಾತ್ರ ಪೆಟ್ಟಿಗೆಯಲ್ಲಿರಲಿಲ್ಲ. ಹೀಟರು ಮೊದಲ ಚಳಿಗಾಲದಲ್ಲೇ ಸುಟ್ಟುಹೋಯಿತು.

ಒಂದು ಸಂಜೆ ಗ್ಯಾರೇಜಿನಲ್ಲಿ ನಲ್ಲಿಯ ಪೈಪಿನ ತುಂಡನ್ನೇ ರಾಡು ಮಾಡಿಕೊಂಡು, ಗಣಪತಿಯ ಆರತಿ ಹಾಡನ್ನು ಬಾರಿಸಲು ಒದ್ದಾಡುತ್ತಿದ್ದೆ. ಬೇಲಿಯಾಚೆಯ ಮನೆಯವ, ಬ್ಯಾರಿ ಎಂದು ಅವನ ಹೆಸರು, ಬಾಗಿಲಲ್ಲಿ ಬಂದು ನಿಂತ.

"ಯಾರೋ ಅಳುತ್ತಿದ್ದಾರೆ ಅಂತ ನೋಡಲು ಬಂದೆ, ಮೇಟ್."

"ನಾನೇ" ಅಂದೆ.

ಬ್ಯಾರಿ ಎಪ್ಪತ್ತರ ಹತ್ತಿರದ ಮನುಷ್ಯ. ಇವನೂ ರೈಲ್ವೆ ವರ್ಕ್‌ಶಾಪಿನಲ್ಲಿ ಲೇತ್ ತಿರುಗಿಸಿ ನಿವೃತ್ತನಾದವ. ಅದು ತಿಳಿದ ದಿನದಿಂದ ನನಗೆ ಅವನ ಮೇಲೆ ಒಂದು ಬಗೆಯ ಬಂಧುತ್ವ. ಆದರೆ ಅವನು ಹರೆಯದಲ್ಲಿ ಗಿಟಾರು ಬಾರಿಸುತ್ತಿದ್ದನೆಂಬುದು ಗೊತ್ತಾದದ್ದು ಆ ಸಂಜೆ. ಅವನು, ಡೆಸ್ ಎಂಬ ಗೆಳೆಯ, ಡ್ರಮ್ಮಿನವನೊಬ್ಬ ಸೇರಿ ಒಂದೇ ಬಣ್ಣದ ಕೋಟು ಹೊಲಿಸಿಕೊಂಡು ವಾರಕ್ಕೊಂದು ಡ್ಯಾನ್ಸ್ ಹಾಲಿನಲ್ಲಿ ಬಾರಿಸುತ್ತಿದ್ದರಂತೆ. ರಾಕ್ ಸಂಗೀತ, ಆದರೆ ಹಾಡುವವರಿಲ್ಲ. ಗಿಟಾರೇ ಹಾಡಬೇಕು. ಕುಣಿಯುವವರು ಕುಣಿಯುತ್ತಿದ್ದರು.

ಹಾಡುವವರಿಲ್ಲದ ಹಾಡು! ಕಾಕಾನ ಪೆಂಡಾಲನ್ನು ನಾನು ಬ್ಯಾರಿಗೆ ವರ್ಣಿಸಿದೆ. ಅವನು ನಕ್ಕು, "ನಿಮ್ಮ ಅಂಕಲ್‌ಗೆ ಕೋಟು ಇತ್ತಾ?" ಎಂದು ಕೇಳಿದ. "ಇರಲಿಲ್ಲ, ಪೌಡರು ಇತ್ತು" ಅಂದೆ.

"ಈಗ ಯಾಕೆ ಬಾರಿಸುವುದಿಲ್ಲ?" ಎಂದು ನಾನು ಕೇಳಿದ್ದಕ್ಕೆ ಅವನು ಎಡಗೈ ಚಾಚಿದ. ಉಂಗುರದ ಬೆರಳೂ ಕಿರುಬೆರಳೂ ಅಂಗೈಯೊಳಕ್ಕೆ ಮಡಚಿಕೊಂಡು ಕೂತಿದ್ದವು. ನಾನು ಬೇಲಿಯಾಚೆಯಿಂದ ಅಷ್ಟು ವರ್ಷ ಅವನನ್ನು ನೋಡಿದ್ದರೂ ಅದನ್ನು ಗಮನಿಸಿರಲಿಲ್ಲ. ಯಾವಾಗಲೂ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ. "ಎದ್ದುನಿಲ್ಲಲು ಒಲ್ಲೆ ಅನ್ನುತ್ತವೆ" ಅಂದ. ಊರಿನ ಹಳೆಯ ಗಿಟಾರಿನವರೆಲ್ಲ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಒಂದು ಹಾಲಿನಲ್ಲಿ ಸೇರಿ ಹಳೆಯ ಟ್ಯೂನುಗಳನ್ನು ಬಾರಿಸುತ್ತಾರಂತೆ. ಬ್ಯಾರಿ ಅಲ್ಲಿ ಹೋಗಿ ಕುರ್ಚಿ ಹಾಕುತ್ತಾನೆ, ಚಹಾ ಮಾಡುತ್ತಾನೆ. ಬೆನ್ನುನೋವೆಂದು ಹೇಳಿ ಗಿಟಾರು ಮುಟ್ಟುವುದಿಲ್ಲ. ಬೆರಳಿನ ವಿಷಯ ಅಲ್ಲಿ ಯಾರಿಗೂ ಹೇಳಿಲ್ಲ. ಈಗ ಪರ್ತ್‌ನಲ್ಲಿರುವ ಡೆಸ್ ಅಕ್ಟೋಬರಿನಲ್ಲಿ ಬರುವವನಿದ್ದಾನೆ. ಮೂವರೂ ಕೂಡಿ ತಮ್ಮದೇ ಟ್ಯೂನು ಬಾರಿಸೋಣ ಎಂದು ಬರೆದಿದ್ದಾನೆ.

"ಅವನಿಗೆ ಏನು ಹೇಳಲಿ ಅಂತ ಯೋಚಿಸುತ್ತಿದ್ದೇನೆ" ಅಂದ ಬ್ಯಾರಿ.

ಸಲಹೆ ಕೇಳದವರಿಗೂ ಸಲಹೆ ಕೊಡುವುದು ನನ್ನ ಸ್ವಭಾವ. ಮನೆಯಲ್ಲಿ ಇದರ ಬಗ್ಗೆ ಬಹಳ ಚರ್ಚೆಯಾಗಿದೆ. ನಾನು ಅವನನ್ನು ವಾಷಿಂಗ್ ಮಷೀನಿನ ಮೇಲೆ ಕೂರಿಸಿ, ಲ್ಯಾಪ್ ಸ್ಟೀಲನ್ನು ಅವನ ತೊಡೆಯ ಮೇಲಿಟ್ಟೆ. "ಇದಕ್ಕೆ ಬೆರಳು ಬೇಕಿಲ್ಲ, ಬ್ಯಾರಿ. ಒತ್ತಬೇಕಾಗಿಲ್ಲ. ಹಿಡಿದುಕೊಂಡರೆ ಸಾಕು."

"ಇದರಲ್ಲಿ ರಾಕ್ ಬಾರಿಸುವುದಾ? ಅಳುತ್ತದಲ್ಲೋ ಇದು!"

"ಅಳುವುದನ್ನು ನಿಲ್ಲಿಸೋಣ" ಅಂದೆ. ನನಗೇನು ಗೊತ್ತಿತ್ತು? ಮಾರುವಾಗ ಮೊದಲು ಮಾತು, ಆಮೇಲೆ ಮಷೀನು.

ಮರುದಿನ ಬ್ಯಾರಿ ತನ್ನ ಶೆಡ್ಡಿನ ಲೇತಿನಲ್ಲಿ ಹಳೆಯ ಉಕ್ಕೊಂದನ್ನು ತಿರುವಿ ರಾಡು ಮಾಡಿಕೊಂಡು ಬಂದ. ತನ್ನ ಮಡಚಿದ ಬೆರಳು ಕೂರುವಷ್ಟೇ ಒಂದು ತಗ್ಗನ್ನೂ ತೆಗೆದಿದ್ದ. ಈಗ ಶುಂಠಿ ಜಜ್ಜುತ್ತಿರುವುದು ಅದೇ.

ಅಂದಿನಿಂದ ಅವನು ಸಂಜೆ ಸಂಜೆ ನಮ್ಮ ಗ್ಯಾರೇಜಿಗೆ ಬರತೊಡಗಿದ. ಹೆಂಡತಿ ಲೊರೇನ್‌ಗೆ, ನನಗೆ ಮಷೀನು ರಿಪೇರಿಗೆ ನೆರವಾಗುತ್ತಿದ್ದೇನೆ ಎಂದು ಹೇಳಿದ್ದನಂತೆ. ಅವರು ಬಾರಿಸುತ್ತಿದ್ದ ಟ್ಯೂನು ಅವರೇ ಕಟ್ಟಿದ್ದು. ರಿಮುಟಾಕಾ ಗುಡ್ಡ ಏರುವ ಹಳೆಯ ರೈಲಿನ ಓಟ. ಚಕ್ರದ ಟಕಟಕ ಡ್ರಮ್ಮಿನದು, ಏದುಸಿರು ಡೆಸ್‌ನದು, ಕೂಗು ಬ್ಯಾರಿಯದು. ಮಾಮೂಲು ಗಿಟಾರಿನಲ್ಲಿ ಸ್ವರಗಳು ಕಡಲೆಕಾಳು ಚೆಲ್ಲಿದಂತೆ ಬಿಡಿಬಿಡಿಯಾಗಿ ಬೀಳಬೇಕು. ಲ್ಯಾಪ್ ಸ್ಟೀಲಿನಲ್ಲಿ ಎಲ್ಲ ಅಂಟಂಟಾಗಿ, ರೈಲು ಗುಡ್ಡ ಹತ್ತುವ ಬದಲು ಹೆಣದ ಹಿಂದೆ ಹೊರಟಂತೆ ಕೇಳಿಸಿತು. ನಮ್ಮ ಮಗಳು ಬಾಗಿಲಲ್ಲಿ ಇಣುಕಿ, "ಡ್ಯಾಡ್, ಈಸ್ ಅಂಕಲ್ ಬ್ಯಾರಿ ಓಕೆ?" ಎಂದು ಕೇಳಿ ಹೋದಳು.

ಉಪಾಯ ಹೊಳೆದದ್ದು ಅವನ ಬೆರಳಿಗೇ. ರಾಡಿನ ಹಿಂದೆ ತಂತಿ ಸದ್ದು ಮಾಡುತ್ತಿರುತ್ತದೆ, ಅದನ್ನು ಅಡಗಿಸಬೇಕು. ಕಾಕಾ ಹಿಂದಿನ ಬೆರಳುಗಳನ್ನು ತಂತಿಯ ಮೇಲೆ ಹಾಸುತ್ತಿದ್ದುದು ನನಗೆ ನೆನಪಿತ್ತು. ಬ್ಯಾರಿಗೆ ಹಾಸಲು ಬೆರಳಿಲ್ಲ. ಆದರೆ ಮಡಚಿದ ಕಿರುಬೆರಳಿನ ಗಿಣ್ಣು ತಾನಾಗಿಯೇ ತಂತಿಯ ಮೇಲೆ ಹೋಗಿ ಕೂತಿತು. ಎದ್ದುನಿಲ್ಲಲು ಒಲ್ಲೆನೆಂದ ಬೆರಳೇ ತಂತಿಯ ಬಾಯಿಗೆ ಕೈ ಅಡ್ಡ ಹಿಡಿಯಿತು. ಒಂದು ಸಂಜೆ ನಾನು ಅಂಗಳದಲ್ಲಿ ಗಿರಾಕಿಗೆ ಫ್ರಿಜ್ಜು ತೋರಿಸುತ್ತಿರುವಾಗ ಗ್ಯಾರೇಜಿನಿಂದ ಟ್ಯೂನಿನ ಮೊದಲ ಸಾಲು ಬಿಡಿಬಿಡಿಯಾಗಿ, ಚುರುಕಾಗಿ, ಕಡಲೆಕಾಳಿನಂತೆಯೇ ಬಂತು. ಕೊನೆಯ ಸ್ವರ ಮಾತ್ರ ಜಾರಿ ಮೇಲೆ ಹೋಯಿತು, ಸುರಂಗದೊಳಗೆ ಹೊಕ್ಕ ರೈಲು ಕೂಗಿದಂತೆ. ಗಿರಾಕಿ, "ರೇಡಿಯೋನಾ?" ಎಂದು ಕೇಳಿದ.

ನಾನು ಒಳಗೆ ಹೋಗಿ ಕೇಳಬೇಕಾಗಿತ್ತು. ಫ್ರಿಜ್ಜು ಮಾರಿದೆ. ಆ ತಿಂಗಳುಗಳಲ್ಲೆಲ್ಲ ಹೀಗೇ ಆಯಿತು. ಮೊದಲ ಸಾಲು ಕೇಳಿಸುತ್ತಿತ್ತು, ಅಷ್ಟರಲ್ಲಿ ಫೋನು, ಇಲ್ಲವೇ ಅಂಗಳದಲ್ಲಿ ಯಾರೋ. ಪೂರ್ತಿ ಟ್ಯೂನನ್ನು ನಾನು ಕೂತು ಕೇಳಲೇ ಇಲ್ಲ. ಹಾಲಿನಲ್ಲಿ ಕೇಳಿದರಾಯಿತು ಅಂದುಕೊಂಡಿದ್ದೆ.

ಆ ವರ್ಷ ಹುಬ್ಬಳ್ಳಿಯಿಂದ ನಮ್ಮತ್ತೆ ಬಂದಿದ್ದರು, ಸುಜಾತಾಳ ತಾಯಿ. ಜೊತೆಗೆ ಒಂದು ಗೋಡೆ ಕ್ಯಾಲೆಂಡರ್ ತಂದು, ನಮ್ಮ ಕ್ಯಾಲೆಂಡರಿನ ಪಕ್ಕದಲ್ಲೇ ಮೊಳೆ ಹೊಡೆಸಿ ತೂಗುಹಾಕಿದ್ದರು. ನಮ್ಮದರಲ್ಲಿ, ಡೆಸ್ ಬಂದು ಮೂವರೂ ಕೂಡಿ ಬಾರಿಸಬೇಕಿದ್ದ ಭಾನುವಾರಕ್ಕೆ ನಾನು 'ಬ್ಯಾರಿ, ಹಾಲ್' ಎಂದು ಬರೆದುಕೊಂಡಿದ್ದೆ. ಅವರದರಲ್ಲಿ ಅದೇ ಭಾನುವಾರ ಖಂಡೇನವಮಿ, ಆಯುಧಪೂಜೆ. ಒಂದೇ ಗೋಡೆಯ ಮೇಲೆ ಎರಡೂ ತೂಗುತ್ತಿದ್ದವು. ನಾನು ಒಂದೊಂದನ್ನು ಬೇರೆಬೇರೆಯಾಗಿ ನೋಡಿದೆ, ಎರಡನ್ನೂ ಕೂಡಿಸಿ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ವ್ಯಾನು ತೊಳೆದು ಒಳಗೆ ಬರುವಷ್ಟರಲ್ಲಿ ಪೂಜೆ ಮುಗಿದಿತ್ತು. ನಡುಮನೆಯಲ್ಲಿ ಚಾಪೆ ಹಾಸಿ, ಮನೆಯಲ್ಲಿದ್ದ ಆಯುಧಗಳನ್ನೆಲ್ಲ ಸಾಲಾಗಿ ಮಲಗಿಸಿದ್ದರು. ನನ್ನ ಸ್ಪ್ಯಾನರು, ಸ್ಕ್ರೂಡ್ರೈವರು, ಕರೆಂಟು ನೋಡುವ ಮೀಟರು, ಸುಜಾತಾಳ ಹೊಲಿಗೆ ಮಷೀನು, ಮಗಳ ಕಂಪಾಸ್ ಬಾಕ್ಸು, ಈಳಿಗೆ. ನಡುವೆ, ಎಲ್ಲಕ್ಕಿಂತ ದೊಡ್ಡದಾಗಿ, ಲ್ಯಾಪ್ ಸ್ಟೀಲ್. ಬಾಗಿಲ ಬಳಿ ನಾನು ಸಜ್ಜು ಮಾಡಿ ಇಟ್ಟದ್ದನ್ನು ಪೆಟ್ಟಿಗೆಯಿಂದ ತೆಗೆದು, ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡುಹೂವಿನ ಬದಲಿಗೆ ಅಂಗಳದ ಹಳದಿ ಡ್ಯಾಫೊಡಿಲ್ ಏರಿಸಿದ್ದರು. ರಾಡಿಗೂ ಒಂದು ಬೊಟ್ಟು. ಖಂಡೇ ಪೂಜೆಯಾದ ಮೇಲೆ ಆಯುಧ ಆ ದಿನ ವಿಶ್ರಾಂತಿಯಲ್ಲಿರಬೇಕು. ಮರುದಿನ ದಶಮಿಗೆ ಬನ್ನಿ ಕೊಟ್ಟ ಮೇಲೆಯೇ ಕೈಗೆತ್ತಿಕೊಳ್ಳಬೇಕು. ನಮ್ಮಲ್ಲಿ ಅದು ಕಟ್ಟುನಿಟ್ಟು.

ನಾನು ಬಾಯಿ ತೆರೆಯುವ ಮೊದಲೇ ಬ್ಯಾರಿ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಾಚಿದ ತಲೆ. ಚಾಪೆಯನ್ನು ನೋಡಿ, ಹೊಸ್ತಿಲಲ್ಲೇ ಬೂಟು ಕಳಚಿದ. ಅತ್ತೆ ಗಿಟಾರಿನ ಕಡೆ ಕೈ ತೋರಿಸಿ, ಎರಡೂ ಅಂಗೈ ಕೂಡಿಸಿ ಕೆನ್ನೆಗಿಟ್ಟು, ತಲೆ ವಾಲಿಸಿ, ಮಲಗಿದೆ ಎಂದು ಸನ್ನೆ ಮಾಡಿದರು. ಸುಜಾತಾ ಇಂಗ್ಲಿಷಿನಲ್ಲಿ ವಿವರಿಸಿದಳು. ಬ್ಯಾರಿ ತಲೆದೂಗಿದ. "ಅರ್ಥವಾಯಿತು. ನಮ್ಮ ವರ್ಕ್‌ಶಾಪಿನಲ್ಲೂ ಕ್ರಿಸ್ಮಸ್ ರಜೆಗೆ ಮೊದಲು ಲೇತನ್ನೆಲ್ಲ ಒರೆಸಿ, ಎಣ್ಣೆ ಬಟ್ಟೆ ಹೊದಿಸುತ್ತಿದ್ದೆವು. ತೊಂದರೆಯಿಲ್ಲ" ಎಂದು ಹೇಳಿ, ಒಂದು ಹೋಳಿಗೆ ತಿಂದು, ಬೂಟು ಹಾಕಿಕೊಂಡು ಹೋಗಿಬಿಟ್ಟ.

ನಾನು ಅತ್ತೆಯ ಮುಂದೆ ಚೌಕಾಶಿಗೆ ಕೂತೆ. ಜೀವಮಾನದಲ್ಲಿ ಅಷ್ಟು ಗಟ್ಟಿ ವ್ಯಾಪಾರಿ ನನಗೆ ಸಿಕ್ಕಿಲ್ಲ.

"ಅತ್ತೀ, ಈಗ ಹುಬ್ಬಳ್ಳ್ಯಾಗ ಇನ್ನೂ ಬೆಳಕ ಹರದಿಲ್ಲ. ನಿಮ್ಮ ಮಗಾ ಇನ್ನೂ ಮಕ್ಕೊಂಡಾನ. ಅಲ್ಲಿ ಪೂಜಿ ಆಗೂದ್ರಾಗ ಇಲ್ಲಿ ಬಾರಿಸಿ ತಂದು ಇಟ್ಟುಬಿಡ್ತೀವಿ."

"ಹೌದ್ರೇನು ಅಳ್ಯಾರ? ಮತ್ತ ಮುಂಜಾನೆ ಹೋಳಿಗಿ ತಿಂದಿದ್ದು ಯಾ ಊರ ಟೈಮಿಗೆ?"

"ಅದು ಹೊಟ್ಟಿ ಟೈಮು. ಇದು ದೇವರ ಟೈಮು."

"ದೇವರು ನಿಮ್ಮಂಗ ಎರಡೂ ಕೈಲೆ ಗಡಿಯಾರ ಕಟ್ಟಿಲ್ಲ."

ಸುಜಾತಾ ಸೆರಗು ಬಾಯಿಗಿಟ್ಟು ಅಡುಗೆಮನೆಗೆ ಹೋದಳು. ನಾನು ದನಿ ಇಳಿಸಿ, ಬ್ಯಾರಿಯ ಬೆರಳು, ಪರ್ತ್‌ನಿಂದ ಬಂದ ಗೆಳೆಯ, ಬುಧವಾರಕ್ಕೆ ಅವನ ವಾಪಸು ವಿಮಾನ, ಇಷ್ಟನ್ನೂ ಹೇಳಿದೆ. ಅತ್ತೆ ಗಿಟಾರನ್ನೊಮ್ಮೆ ನೋಡಿದರು. ಎದ್ದು ಹೋಗಿ ಒಂದು ಅಡಿಕೆ ತಂದರು.

"ಮನ್ಯಾಗ ಇಲ್ಲದವರ ಬದಲಿ ಅಡಿಕಿ ಇಟ್ಟು ಪೂಜಿ ಮಾಡೂದು ನಮ್ಮ ಕಡೆ ಐತಿ. ಇದರ ಜಾಗಾಕ್ಕ ಇದನ್ನ ಇಡ್ತೀನಿ. ದೀಪಾ ಹಚ್ಚೂದ್ರಾಗ ತಿರುಗಿ ಬರಬೇಕು. ಕುಂಕುಮ ಅಳಿಸಬಾರದು. ತಗೊಂಡು ನಡೀರಿ."

ಗೆದ್ದೆ! ಗಿಟಾರು, ರಾಡು ಎತ್ತಿಕೊಂಡು ಬೇಲಿಯ ಸಂದಿಯಲ್ಲೇ ನುಗ್ಗಿದೆ. ಬ್ಯಾರಿ ತನ್ನ ಯೂಟಿಗೆ, ಹಿಂದೆ ತೆರೆದ ಪಿಕಪ್ ಗಾಡಿಗೆ, ಕುರ್ಚಿಗಳನ್ನು ಏರಿಸುತ್ತಿದ್ದ.

"ಬ್ಯಾರಿ, ಅತ್ತೆ ಒಪ್ಪಿದರು. ತಗೋ!"

ಅವನು ಗಿಟಾರಿನ ಮೇಲಿನ ವಿಭೂತಿ, ಕುಂಕುಮ, ಡ್ಯಾಫೊಡಿಲ್ಲುಗಳನ್ನು ನೋಡಿದ. ಬಲಗೈಯಿಂದ ಹೂವೊಂದನ್ನು ನೆಟ್ಟಗೆ ಮಾಡಿದ. ಎಡಗೈ ಜೇಬಿನಲ್ಲಿತ್ತು.

"ಬೇಡ, ಮೇಟ್. ಇವತ್ತು ಅದರ ರಜೆ. ನಿಮ್ಮ ಹಬ್ಬ ಕೆಡಿಸಿ ನಾನು ಬಾರಿಸಲಾರೆ. ನಿಮ್ಮತ್ತೆಗೆ ಥ್ಯಾಂಕ್ಸ್ ಹೇಳು."

ನಾನು ಉಬ್ಬಿಹೋದೆ. ಬಂದು ಇಷ್ಟು ವರ್ಷವಾದರೂ ನಮ್ಮ ಹಬ್ಬವೆಂದರೆ ಇಲ್ಲಿ ಬಣ್ಣದ ಬಟ್ಟೆ, ಖಾರದ ಊಟ. ಒಬ್ಬ ಮನುಷ್ಯ ನಮ್ಮ ಶಾಸ್ತ್ರಕ್ಕೆ ನನಗಿಂತ ಹೆಚ್ಚು ಮರ್ಯಾದೆ ಕೊಡುತ್ತಿದ್ದಾನೆ! ಅವನ ಹೆಗಲು ತಟ್ಟಿ, "ಯು ಆರ್ ಎ ಗುಡ್ ಮ್ಯಾನ್, ಬ್ಯಾರಿ" ಅಂದೆ. ಅವನು ಯೂಟು ಹತ್ತಿ ಹೊರಟ. ನಾನು ಗಿಟಾರನ್ನು ತಬ್ಬಿಕೊಂಡು ಮನೆಗೆ ಬಂದೆ.

"ಯಾಕ, ತಿರುಗಿ ತಂದ್ರಿ?" ಅಂದರು ಅತ್ತೆ.

"ಎಂಥಾ ದೊಡ್ಡ ಮನಸ್ಸು ನೋಡ್ರಿ ಅತ್ತೀ. ನಿಮ್ಮ ಪೂಜಿ ಕೆಡಬಾರದಂತ ಬ್ಯಾಡ ಅಂದಾರ."

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನನ್ನ ಪೂಜಿ ಚಿಂತಿ ಅವರಿಗ್ಯಾಕ? ನಾನ ಬಿಟ್ಟು ಕೊಟ್ಟೀನಲ್ಲ! ಅಳ್ಯಾರ, ಆ ಮನಶ್ಯಾಗ ಅಂಜಿಕಿ ಬಂದೈತಿ."

"ಅಂಜಿಕಿ? ಯಾತರದು?"

"ನೆಟ್ಟಗಿದ್ದ ಬೆರಳ ನೋಡಿದ ಗೆಳ್ಯಾರ ಮುಂದ ಸೊಟ್ಟ ಬೆರಳ ತಗದು ತೋರಿಸಬೇಕಲ್ಲ, ಅದರದು. ಹೋಳಿಗಿ ತಿನ್ನೂಮುಂದ ನಾ ನೋಡೀನಿ, ಆ ಕೈ ಜೇಬಿನ್ಯಾಗಿಂದ ಹೊರಗ ತಗೀಲೇ ಇಲ್ಲ. ಪೂಜಿ ಅನ್ನೂದು ಅವರಿಗೆ ಒಂದು ನೆವಾ ಸಿಕ್ತು. ನೀವು ಅದನ್ನ ಹಾರ ಮಾಡಿ ಅವರ ಕೊರಳಿಗೆ ಹಾಕಿ ಬಂದ್ರಿ."

"ನಿಮಗ ಅವರ ಮಾತು ತಿಳಿಯಂಗಿಲ್ಲ..."

"ಮಾತು ತಿಳಿದವರು ನೀವು. ಬ್ಯಾಡ ಅಂದವರಿಗೆಲ್ಲಾ ಮಶೀನು ಮಾರಿ ಬರ್ತೀರಿ. ಇವರನ್ನ ಕೈಹಿಡದು ಯಾಕ ಎಳಕೊಂಡು ಹೋಗಲಿಲ್ಲ?"

ಗಿರಾಕಿಯ ಮೊದಲ 'ಬೇಡ' ಬಾಗಿಲು, ಎರಡನೆಯ 'ಬೇಡ' ಗೋಡೆ. ಇದು ನಾನು ಹತ್ತಾರು ಜನಕ್ಕೆ ಹೇಳಿಕೊಟ್ಟ ಸೂತ್ರ. ವ್ಯಾನಿನಲ್ಲಿ ಗಿಟಾರು ಹಾಕಿಕೊಂಡು ಹಾಲಿಗೆ ಓಡಿಸಿದೆ. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಬ್ಯಾರಿಗೆ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಹಾಲಿನ ಬಾಗಿಲು ನೂಕುವಾಗ ಒಳಗಿನಿಂದ ಚಕ್ರದ ಟಕಟಕ ಬರುತ್ತಿತ್ತು. ರಿಮುಟಾಕಾದ ರೈಲು ಹೊರಟುಬಿಟ್ಟಿತ್ತು.

ವೇದಿಕೆಯ ಮೇಲೆ ಬೋಳುತಲೆಯ ಡ್ರಮ್ಮಿನವ, ತೆಳ್ಳಗಿನ ಡೆಸ್. ಡೆಸ್ ತನ್ನ ಪಾಲಿನ ಏದುಸಿರನ್ನು ಬಾರಿಸುತ್ತ, ಬ್ಯಾರಿಯ ಸಾಲು ಬರಬೇಕಾದಲ್ಲಿ ಬಾಯಲ್ಲೇ ಗುನುಗುತ್ತಿದ್ದ. ಹಾಡುವವರಿಲ್ಲದ ಹಾಡಿಗೆ ಹಾಡುವ ಗಿಟಾರೂ ಇಲ್ಲದಿದ್ದರೆ ಹೇಗಿರುತ್ತದೆಂದು ಅಂದು ಕೇಳಿದೆ. ಬ್ಯಾರಿ ಚಹದ ಮೇಜಿನ ಪಕ್ಕದ ಕುರ್ಚಿಯಲ್ಲಿ ಒಬ್ಬನೇ ಕೂತಿದ್ದ. ಎಡಗೈ ಜೇಬಿನಿಂದ ಹೊರಗೆ ಬಂದಿತ್ತು. ತೊಡೆಯ ಮೇಲೆ, ಪ್ಯಾಂಟಿನ ಬಟ್ಟೆಯ ಮೇಲೆ, ಇಲ್ಲದ ರಾಡೊಂದನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ಜಾರುತ್ತಿತ್ತು. ತಾಳ ತಪ್ಪದೆ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿತ್ತು. ಅವನು ಪೂರ್ತಿ ಬಾರಿಸಿದ. ಕೇಳಿದವರು ಯಾರೂ ಇಲ್ಲ.

ಚಪ್ಪಾಳೆಯ ನಡುವೆ ಅವನು ತಲೆಯೆತ್ತಿ ನನ್ನನ್ನು ಕಂಡ. ನಾನು ಗಿಟಾರನ್ನು ತುಸು ಮೇಲೆತ್ತಿ ತೋರಿಸಿದೆ. ಅವನು ಮೆಲ್ಲಗೆ ತಲೆಯಾಡಿಸಿ, ಎದ್ದು ಚಹದ ಕೆಟಲ್ಲಿನ ಸ್ವಿಚ್ಚು ಒತ್ತಿದ. ಅದು ಎರಡನೆಯ 'ಬೇಡ'. ಬಾಯಿಪಾಠ ಮಾಡಿದ್ದು ಬಾಯಲ್ಲೇ ಉಳಿಯಿತು. ದೀಪ ಹಚ್ಚುವುದಕ್ಕೆ ಬಹಳ ಮೊದಲೇ ಗಿಟಾರು ಚಾಪೆಗೆ ಹಿಂದಿರುಗಿತು. ಅತ್ತೆ ಅಡಿಕೆಯನ್ನು ಎತ್ತಿಕೊಂಡರು.

ಮರುದಿನ ದಶಮಿ. ಇಲ್ಲಿ ಬನ್ನಿಗಿಡ ಎಲ್ಲಿಂದ ಬರಬೇಕು? ಬ್ಯಾರಿಯ ಬೇಲಿಯ ಕೊವಾಯ್ ಗಿಡದ ಸಣ್ಣಸಣ್ಣ ಎಲೆಯನ್ನು ನೋಡಿ, "ಇದು ಬನ್ನಿ ತಂಗೀನ ಐತಿ" ಎಂದು ತೀರ್ಮಾನಿಸಿ, ಅತ್ತೆ ಅವನ ಗಿಡದ ಎಲೆಯನ್ನೇ ಕಿತ್ತು ಅವನಿಗೇ ಕೊಡಲು ಹೋದರು. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಅವನ ಕೈಗಿಟ್ಟರು. ಬೇಕೆಂದೇ ಎಡಗೈಗೆ ಇಟ್ಟರೋ ಏನೋ. ಮಡಚಿದ ಬೆರಳುಗಳ ನಡುವೆ ಎಲೆ ಭದ್ರವಾಗಿ ಕೂತಿತು. ಬ್ಯಾರಿಗೆ ಮಾತು ತಿಳಿಯಲಿಲ್ಲ. ಆ ಕೈಯನ್ನು ಜೇಬಿಗೆ ಹಾಕದೆ ಅತ್ತೆಯ ಮುಖ ನೋಡಿದ.

ಡೆಸ್ ಬುಧವಾರ ಹೊರಟುಹೋದ, ಮತ್ತೆ ಬರಲಿಲ್ಲ. ಬ್ಯಾರಿ ಗ್ಯಾರೇಜಿಗೆ ಬರುತ್ತಿದ್ದ, ಆದರೆ ನಿಜವಾಗಿಯೂ ಮಷೀನು ರಿಪೇರಿಗೆ. ಗಿಟಾರಿನ ಮಾತು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಆಮೇಲೆ ಅವನೂ ಲೊರೇನೂ ಮಗಳ ಊರಾದ ನೆಲ್ಸನ್ನಿಗೆ ಮನೆ ಬದಲಾಯಿಸಿದರು. ಹೊರಡುವ ದಿನ ಗ್ಯಾರೇಜಿನಿಂದ ರಾಡನ್ನು ತಂದು ಕಿಟಕಿಯ ಕಟ್ಟೆಯ ಮೇಲಿಟ್ಟು, "ನಿನ್ನ ಬಳಿಯೇ ಇರಲಿ, ಯಾವುದಕ್ಕಾದರೂ ಉಪಯೋಗಕ್ಕೆ ಬಂದೀತು" ಅಂದ. ಬಂತು. ಸುಜಾತಾ ಅಡುಗೆಮನೆಯ ಕಿಟಕಿಯಲ್ಲಿ ಅದನ್ನು ಕಂಡವಳೇ ಶುಂಠಿ ಜಜ್ಜಿ ನೋಡಿದಳು.

ಕಾಕಾ ಒತ್ತಬೇಡ ಅಂದದ್ದು ತಂತಿಗೆ. ನಾನು ಆ ಪಾಠವನ್ನು ಬೇಡವಾದ ಜಾಗದಲ್ಲಿ ಬಳಸಿದೆ ಎಂದು ಈಗ ಅನ್ನಿಸುತ್ತದೆ. ನಿಮಗೆ ಇಷ್ಟು ಹೊತ್ತು ಸಲಹೆ ಕೊಟ್ಟವನು ಕೊನೆಗೂ ಒಂದು ಕೊಡಬೇಕು. ಯಾರಾದರೂ ನಿಮ್ಮ ಹಬ್ಬಕ್ಕೆ, ನಿಮ್ಮ ದೇವರಿಗೆ ವಿಪರೀತ ಮರ್ಯಾದೆ ಕೊಟ್ಟು ಹಿಂದೆ ಸರಿದರೆ ಉಬ್ಬಿಹೋಗಬೇಡಿ. ಮೊದಲು ಅವರ ಕೈ ಎಲ್ಲಿದೆ ನೋಡಿ.

ಮೊನ್ನೆ ಭಾನುವಾರ ಮಂಚದ ಕೆಳಗಿನ ಪೆಟ್ಟಿಗೆ ಎಳೆದೆ. ಗಿಟಾರಿನ ತಲೆಯ ಬಳಿ ಕುಂಕುಮದ ಕಲೆ ಇನ್ನೂ ಇದೆ. ಅಡುಗೆಮನೆಯಿಂದ ರಾಡು ತಂದು, ಒರೆಸಿ, ತೊಡೆಯ ಮೇಲಿಟ್ಟುಕೊಂಡು ಕೂತೆ. ತಗ್ಗಿನಲ್ಲಿ ನನ್ನ ನೆಟ್ಟನೆಯ ಬೆರಳು ಸರಿಯಾಗಿ ಕೂರುವುದಿಲ್ಲ, ಜಾರುತ್ತದೆ. ಆದರೂ ರೈಲಿನ ಮೊದಲ ಸಾಲು ಹೇಗೋ ಬಂತು. ಶುಂಠಿಯ ವಾಸನೆಯೊಂದಿಗೆ ಬಂತು. ಮತ್ತೊಮ್ಮೆ ಬಾರಿಸಿದೆ. ಮತ್ತೂ ಒಮ್ಮೆ.

"ಛಲೋ ಐತಿ. ಮುಂದ?" ಎಂದು ಸುಜಾತಾ ಅಡುಗೆಮನೆಯಿಂದ ಕೂಗಿದಳು.

"ಮುಂದಿಂದು ಬ್ಯಾರಿಗೆ ಗೊತ್ತು."

ಅವಳು ಬಾಗಿಲಿಗೆ ಬಂದು ಕೈ ಚಾಚಿದಳು.

"ಹಂಗಾರ ಅದನ್ನ ಇತ್ತಾಗ ಕೊಡ್ರಿ. ಚಾ ಕುದಿಯಾಕತ್ತೈತಿ."